ಗುಳಿಗೆ ಅವನದು, ಮಾತು ಯಾರದು?

ಬೇಲೂರಿನಲ್ಲಿ ಕೆಲಸ ಅಂದ ಕೂಡಲೇ ಬೆಂಗಳೂರಿನ ಗೆಳೆಯರು ಚೆನ್ನಕೇಶವ ದೇವಸ್ಥಾನದ ಫೋಟೊ ಕಳಿಸು ಅಂತಾರೆ. ಅದು ಹಾಸನದ ಬೇಲೂರು. ನನ್ನದು ಬೇರೆ. ಧಾರವಾಡದಿಂದ ಬೆಳಗಾವಿ ಕಡೆ ಪಿ.ಬಿ. ರೋಡ್ ಹಿಡಿದು ನರೇಂದ್ರ ದಾಟಿದರೆ ಸಿಗುವ ಕೈಗಾರಿಕಾ ಪ್ರದೇಶ. ಇಲ್ಲಿ ಶಿಲಾಬಾಲಿಕೆಯರಿಲ್ಲ, ಶೆಡ್‌ಗಳಿವೆ. ಬಸ್ ತಯಾರಿಸುವ ದೊಡ್ಡ ಕಾರ್ಖಾನೆ, ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಗಳು, ಮಧ್ಯೆ ಚಹಾ-ಮಿರ್ಚಿಯ ಡಬ್ಬಿ ಅಂಗಡಿಗಳು. ಇದೇ ಪ್ರದೇಶದಲ್ಲಿ ಹೈಕೋರ್ಟಿನ ಧಾರವಾಡ ಪೀಠವೂ ಇದೆ. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆಯಿತು. ಹಾಗಾಗಿ ಮುಂಜಾನೆ ಇಲ್ಲಿನ ರಸ್ತೆಯಲ್ಲಿ ಕರೀ ಕೋಟಿನವರು, ನೀಲಿ ಯೂನಿಫಾರ್ಮಿನವರು ಒಟ್ಟಿಗೇ ಕಾಣುತ್ತಾರೆ.

ಇನ್ನು ಧಾರವಾಡ ಪೇಟೆಯೊಳಗೆ ಬ್ರಿಟಿಷರ ಕಾಲದಲ್ಲಿ ಶುರುವಾದ ಮಾನಸಿಕ ಆಸ್ಪತ್ರೆ ಇದೆ. ಈಗ ಅದರ ಹೆಸರು ಡಿಮ್ಹಾನ್ಸ್. ನಮ್ಮ ಕಡೆ ಯಾರಾದರೂ ವಿಚಿತ್ರವಾಗಿ ಆಡಿದರೆ ‘ಇವನ್ನ ಧಾರವಾಡಕ್ಕ ಕಳಸ್ರಿ’ ಅಂತ ನಗುವುದುಂಟು. ಧಾರವಾಡದಲ್ಲೇ ಹುಟ್ಟಿದ ನಾವು ಎಲ್ಲಿಗೆ ಹೋಗಬೇಕೋ!

ಕಾರ್ಖಾನೆ, ಕೋರ್ಟು, ಆಸ್ಪತ್ರೆ ಮೂರೂ ಬರುವ ವಿಷಯವೊಂದನ್ನು ಇಲ್ಲಿ ಬರೆಯುತ್ತಿದ್ದೇನೆ. ತೀವ್ರ ಮಾನಸಿಕ ಕಾಯಿಲೆ ಇರುವ ಮನುಷ್ಯನ ಚಿಕಿತ್ಸೆಯಲ್ಲಿ ಅವನ ಮಾತಿಗೆ ಎಷ್ಟು ಬೆಲೆ? ನನಗೆ ಇದು ಪುಸ್ತಕದ ಪ್ರಶ್ನೆ ಅಲ್ಲ. ನಮ್ಮ ದೊಡ್ಡಪ್ಪನ ಮಗ, ನನಗಿಂತ ಮೂರು ವರ್ಷ ದೊಡ್ಡವನು, ಇಲ್ಲೇ ಒಂದು ಬಿಡಿಭಾಗದ ಕಂಪನಿಯಲ್ಲಿ ಕ್ವಾಲಿಟಿ ಚೆಕಿಂಗ್ ಮಾಡುತ್ತಾನೆ. ನಾನು ಎರಡು ರಸ್ತೆ ಆಚೆ, ಮಷಿನ್‌ಗಳ ಡೇಟಾ ಓದುವ ಸಾಫ್ಟ್‌ವೇರ್ ಬರೆಯುತ್ತೇನೆ. ಅವನಿಗೆ ಬೈಪೋಲಾರ್ ಕಾಯಿಲೆ. ಕೆಲವು ವಾರ ನಿದ್ದೆಯೇ ಬೇಡದಷ್ಟು ಹುರುಪು, ಕೆಲವು ವಾರ ಹಾಸಿಗೆ ಬಿಟ್ಟು ಏಳಲಾಗದಷ್ಟು ಕುಗ್ಗು. ಹುರುಪು ಮಿತಿಮೀರಿದಾಗ ಇಲ್ಲದ್ದು ಇದೆ ಅನ್ನಿಸುವುದೂ ಉಂಟು. ಬರೆಯಲು ಅವನೇ ಹೇಳಿದ. ಹೆಸರು ಬೇಡ, ಕಂಪನಿ ಬೇಡ ಅಂದ. ಬರೆದದ್ದನ್ನು ಓದಿ ಎರಡು ಪ್ಯಾರಾ ತೆಗೆಸಿದ. ಉಳಿದದ್ದು ಇದು.

ಎದುರಿಗೇ ಕೂತವನು ‘ಅವನು’

ಕಾಯಿಲೆ ಶುರುವಾದದ್ದು ಅವನ ಇಪ್ಪತ್ತಾರನೇ ವಯಸ್ಸಿಗೆ. ಅಡ್ಮಿಟ್ ಆದ, ಲಿಥಿಯಂ ಶುರುವಾಯಿತು, ಸುಧಾರಿಸಿದ. ಲಿಥಿಯಂ ಹಳೇ ಔಷಧಿ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಇದರ ಪರಿಣಾಮ ವರದಿ ಮಾಡಿದರು. ಇವತ್ತಿಗೂ ಬೈಪೋಲಾರ್‌ಗೆ ಮುಖ್ಯ ಔಷಧಿಗಳಲ್ಲಿ ಒಂದು. ಆದರೆ ಪ್ರಮಾಣ ಸ್ವಲ್ಪ ಹೆಚ್ಚಾದರೂ ವಿಷ. ಆಗಾಗ ರಕ್ತದಲ್ಲಿ ಅದರ ಮಟ್ಟ, ಜೊತೆಗೆ ಕಿಡ್ನಿ, ಥೈರಾಯ್ಡ್ ನೋಡಿಸಬೇಕು. ಬೆವರು ಹರಿದು ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ಮಟ್ಟ ಏರುತ್ತೆ. ಸೊಂಟ ನೋವು ಅಂತ ಮೆಡಿಕಲ್ ಶಾಪಿನಿಂದ ಡೈಕ್ಲೊಫೆನಾಕ್‌ನಂಥ ಗುಳಿಗೆ ತಂದು ನುಂಗಿದರೂ ಏರಬಹುದು. ತಗಡಿನ ಶೆಡ್ಡಿನಲ್ಲಿ ಏಪ್ರಿಲ್ ತಿಂಗಳು ಎಂಟು ಗಂಟೆ ನಿಲ್ಲುವವನಿಗೆ ಇದೆಲ್ಲ ಗೊತ್ತಿರಲೇಬೇಕಲ್ಲ? ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಅದು ದೊಡ್ಡವ್ವನಿಗೆ.

ಒಂದೆರಡು ಸಲ ನಾನೇ ಅವರನ್ನು ಕಾರಿನಲ್ಲಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ಯಾವ ಕ್ಲಿನಿಕ್ ಅನ್ನುವುದು ಇಲ್ಲಿ ಮುಖ್ಯವಲ್ಲ, ಎಲ್ಲ ಕಡೆ ಹೀಗೇ ನಡೆಯುತ್ತೆ. ಡಾಕ್ಟರು ದೊಡ್ಡವ್ವನ ಮುಖ ನೋಡಿ ಕೇಳುತ್ತಾರೆ: ‘ಊಟ ಮಾಡ್ತಾನ? ನಿದ್ದಿ ಹೆಂಗ? ಗುಳಿಗಿ ಬರೋಬ್ಬರಿ ತಗೋತಾನ?’ ದೊಡ್ಡವ್ವ ಉತ್ತರ ಕೊಡುತ್ತಾಳೆ. ಅಣ್ಣ ಇಬ್ಬರ ಮಧ್ಯದ ಸ್ಟೂಲಿನ ಮೇಲೆ ಕೂತು ಗೋಡೆಯ ಕ್ಯಾಲೆಂಡರ್ ನೋಡುತ್ತಾನೆ. ಶಾಲೆಯಲ್ಲಿ ಉತ್ತಮ ಪುರುಷ, ಮಧ್ಯಮ ಪುರುಷ, ಪ್ರಥಮ ಪುರುಷ ಅಂತ ಕಲಿತಿದ್ದೆವಲ್ಲ, ಎದುರಿಗೇ ಕೂತ ಮನುಷ್ಯ ಹೇಗೆ ಪ್ರಥಮ ಪುರುಷ ಆಗುತ್ತಾನೆ ಅಂತ ನೋಡಬೇಕಾದರೆ ಯಾವುದಾದರೂ ಮಾನಸಿಕ ರೋಗದ ಓಪಿಡಿಯಲ್ಲಿ ಹತ್ತು ನಿಮಿಷ ಕೂತುಬನ್ನಿ. ಸಕ್ಕರೆ ಕಾಯಿಲೆಯವನನ್ನು ಯಾರೂ ಹೀಗೆ ಮಾತಾಡಿಸುವುದಿಲ್ಲ.

ಡಾಕ್ಟರ ತಪ್ಪು ಅಂತಲೂ ಸುಮ್ಮನೆ ಅನ್ನಲಾರೆ. ಹೊರಗೆ ನಲವತ್ತು ಜನ ಕಾಯುತ್ತಿರುತ್ತಾರೆ. ತಾಯಿ ಹೇಳುವುದು ಚುಟುಕು, ರೋಗಿ ಹೇಳುವುದು ಸುತ್ತು ಬಳಸು. ಆದರೆ ಆ ಸುತ್ತು ಬಳಸು ಮಾತಿನೊಳಗೆ ಒಂದು ಮುಖ್ಯ ಸಂಗತಿ ಉಳಿದುಹೋಗಿತ್ತು.

ಅಣ್ಣನ ಕೈ ನಡುಗುತ್ತಿತ್ತು. ಲಿಥಿಯಂ ತಗೊಳ್ಳುವ ಕೆಲವರಲ್ಲಿ ಬರುವ ಸಣ್ಣ ನಡುಕ. ಮನೆಯಲ್ಲಿ ಚಹಾ ಕುಡಿಯುವಾಗ ಗೊತ್ತೂ ಆಗುವುದಿಲ್ಲ. ಆದರೆ ಅವನ ಕೆಲಸ ವರ್ನಿಯರ್, ಮೈಕ್ರೊಮೀಟರ್ ಹಿಡಿದು ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಅಳೆಯುವುದು. ಒಂದೇ ಪೀಸನ್ನು ಮೂರು ಸಲ ಅಳೆದರೆ ಮೂರು ಲೆಕ್ಕ ಬರುತ್ತಿತ್ತು. ಲೈನಿನಲ್ಲಿ ಹುಡುಗರು ‘ಏನಣ್ಣ, ರಾತ್ರಿ ಜಾಸ್ತಿ ಆತೇನು?’ ಅಂತ ನಗಾಡುತ್ತಿದ್ದರು. ಅವನು ಯಾರಿಗೂ ಹೇಳದೆ ಗುಳಿಗೆ ಬಿಟ್ಟ. ಎರಡು ತಿಂಗಳಿಗೆ ನಿದ್ದೆ ಹೋಯಿತು. ಮತ್ತೆ ಒಂದು ರಾತ್ರಿ ಬರಿಗಾಲಲ್ಲಿ ಬೈಪಾಸಿನ ಮೇಲೆ ಬೆಳಗಾವಿ ಕಡೆ ನಡೆದು ಹೊರಟಿದ್ದವನನ್ನು ಲಾರಿಯವರು ನಿಲ್ಲಿಸಿ ಕೂರಿಸಿದ್ದರು. ಅವನು ಕಿಸೆಯಿಂದ ಕಂಪನಿ ಐಡಿ ಕಾರ್ಡ್ ತೆಗೆದು ಅವರಿಗೆ ತೋರಿಸಿ, ತಾನು ಹೆದ್ದಾರಿಯ ಕ್ವಾಲಿಟಿ ಚೆಕ್ ಮಾಡುತ್ತಿದ್ದೇನೆ ಅಂದನಂತೆ. ಈಗ ಅವನೇ ಇದನ್ನು ಹೇಳಿ ನಗುತ್ತಾನೆ.

ಫೈಲಿನಲ್ಲಿ ಬರೆದದ್ದು ಇಷ್ಟೇ: ಔಷಧಿ ಬಿಟ್ಟ, ಕಾಯಿಲೆಯ ಅರಿವಿಲ್ಲ. ಕೈ ನಡುಗುವುದರ ಸುದ್ದಿ ಇಲ್ಲ. ನಡುಕಕ್ಕೆ ದಾರಿಗಳಿವೆ. ಪ್ರಮಾಣ ಇಳಿಸಬಹುದು, ನಡುಕಕ್ಕೇ ಬೇರೆ ಗುಳಿಗೆ ಕೊಡಬಹುದು, ಔಷಧಿಯನ್ನೇ ಬದಲಾಯಿಸಬಹುದು. ‘ಯಾಕ ಬಿಟ್ಟಿ?’ ಅಂತ ಅವನನ್ನು ಕೇಳಿದ್ದರೆ ಎರಡು ನಿಮಿಷದ ಮಾತು. ಚಿಕಿತ್ಸೆಯಲ್ಲಿ ರೋಗಿಯ ಪಾಲುಗೊಳ್ಳುವಿಕೆ ಅಂದರೆ ಏನೋ ದೊಡ್ಡ ಹಕ್ಕು, ಹೋರಾಟ ಅಂದುಕೊಳ್ಳುತ್ತೇವೆ. ಬಹಳ ಸಲ ಅದು ಮಾಹಿತಿ, ಅಷ್ಟೇ. ನಮ್ಮ ಫೀಲ್ಡಿನಲ್ಲಿ ಬಳಸುವವನನ್ನು ಕೇಳದೆ ಸಾಫ್ಟ್‌ವೇರ್ ಕೊಟ್ಟರೆ ಅವನು ಅದನ್ನು ಮೂಲೆಗಿಟ್ಟು ಎಕ್ಸೆಲ್ ಶೀಟಿಗೆ ವಾಪಸ್ ಹೋಗುತ್ತಾನೆ, ನಾವು ‘ಯೂಸರ್‌ಗೆ ಬುದ್ಧಿ ಇಲ್ಲ’ ಅಂತೀವಿ. ಹಾಗೇ ಇದು.

ಮೊಸರು

ಈಗ ಕಷ್ಟದ ಭಾಗ. ಆಸ್ಪತ್ರೆಯಿಂದ ಬಂದಾಗ ಲಿಥಿಯಂ ಜೊತೆ ರಾತ್ರಿಗೆ ಓಲಾಂಜಪಿನ್ ಕೂಡ ಇತ್ತು. ಅದು ಮಂಪರು ತರುವ ಗುಳಿಗೆ. ಅಣ್ಣನಿಗೆ ಮುಂಜಾನೆ ಆರರ ಶಿಫ್ಟ್, ಏಳಲಾಗುತ್ತಿರಲಿಲ್ಲ. ರಾತ್ರಿ ಗುಳಿಗೆ ಬೇಡ ಅಂತ ನಿಲ್ಲಿಸಿದ. ದೊಡ್ಡವ್ವನಿಗೆ ಬೈಪಾಸಿನ ರಾತ್ರಿ ಇನ್ನೂ ಕಣ್ಣೆದುರಿಗಿತ್ತು. ಯಾರೋ ಹೇಳಿಕೊಟ್ಟರು, ಅವಳು ಪುಡಿ ಮಾಡಿ ಮೊಸರಿನಲ್ಲಿ ಕಲಸಿ ಕೊಡತೊಡಗಿದಳು.

ಇದು ಒಂದು ಮನೆಯ ಕತೆ ಅಲ್ಲ. ಚೆನ್ನೈನ ಸ್ಕಾರ್ಫ್ ಸಂಸ್ಥೆಯ ತಾರಾ ಅವರಂಥ ಮನೋವೈದ್ಯರು 2002ರಲ್ಲೇ, ಔಷಧಿ ಬೇಡ ಅನ್ನುವ ರೋಗಿಗಳ ಕುಟುಂಬಗಳು ಏನು ಮಾಡುತ್ತವೆ ಅಂತ ಬರೆದಿದ್ದಾರೆ. ಊಟದಲ್ಲಿ, ಚಹಾದಲ್ಲಿ ಬೆರೆಸಿ ಕೊಡುವುದು ಅದರಲ್ಲಿ ಬರುತ್ತೆ. ನಿಮಗೂ ಇಂಥ ಒಂದು ಮನೆ ಗೊತ್ತಿರಬಹುದು, ನಿಮ್ಮದೇ ಇರಬಹುದು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ತೀವ್ರ ಮಾನಸಿಕ ಕಾಯಿಲೆ ಇರುವ ಪ್ರತಿ ನಾಲ್ವರಲ್ಲಿ ಸುಮಾರು ಮೂವರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಅಂಥ ದೇಶದಲ್ಲಿ ಗುಳಿಗೆ ಹೊಟ್ಟೆಗೆ ಹೋದರೆ ಸಾಕು ಅನ್ನುವ ತಾಯಿಯನ್ನು ಫೋನ್ ಹಿಡಿದು ಕೂತ ನಾವು ಬೈಯುವುದು ಸುಲಭ. ರಾತ್ರಿ ಎರಡು ಗಂಟೆಗೆ ಗೇಟಿನ ಚಿಲಕ ಸದ್ದಾದರೆ ಎದ್ದು ಕೂರುವವಳು ಅವಳು.

ಆದರೂ ಅದು ಸರಿ ಅಲ್ಲ ಅಂತಲೇ ನನ್ನ ಅಭಿಪ್ರಾಯ. ಯಾಕೆ ಅಂದರೆ ಮುಂದೆ ನಡೆದದ್ದನ್ನು ನೋಡಿ.

ಓಲಾಂಜಪಿನ್ ಬಿಟ್ಟರೂ ಅಣ್ಣನಿಗೆ ಹಗಲೆಲ್ಲ ತೂಕಡಿಕೆ. ತನ್ನ ಹೊಟ್ಟೆಗೆ ಏನು ಹೋಗುತ್ತಿದೆ ಅನ್ನುವುದು ಗೊತ್ತಿಲ್ಲದವನು ಲೆಕ್ಕ ಹಾಕಿದ: ಉಳಿದಿರೋದು ಲಿಥಿಯಂ ಒಂದೇ, ಹಾಗಾದರೆ ಮಂಪರು ಅದರಿಂದಲೇ. ಅದನ್ನೂ ಬಿಟ್ಟ. ತರ್ಕ ಸರಿಯಾಗೇ ಇತ್ತು, ಕೊಟ್ಟ ಮಾಹಿತಿ ಸುಳ್ಳು. ಒಂದು ಮುಂಜಾನೆ ನರೇಂದ್ರ ಹತ್ತಿರ ಬೈಕಿನ ಮೇಲೇ ಕಣ್ಣು ಮುಚ್ಚಿಹೋಗಿ ರಸ್ತೆ ಬಿಟ್ಟು ಮಣ್ಣಿಗೆ ಇಳಿದ. ಮೊಳಕಾಲು ಕೆತ್ತಿದ್ದು ಬಿಟ್ಟರೆ ಏನೂ ಆಗಲಿಲ್ಲ. ಹಿಂದೆ ಟ್ರಕ್ ಇರಲಿಲ್ಲ, ಅಷ್ಟೇ.

ಆಮೇಲೆ ಒಂದು ದಿನ ಅವಲಕ್ಕಿ ಡಬ್ಬಿಯ ಹಿಂದೆ, ಹಳೇ ಪೇಪರಿನಲ್ಲಿ ಸುತ್ತಿಟ್ಟ ಗುಳಿಗೆಯ ಖಾಲಿ ಪಟ್ಟಿ ಸಿಕ್ಕಿತು. ಜಗಳ ಮಾಡಲಿಲ್ಲ. ಕೂತು ಕೇಳಿದ:

‘ಅವ್ವಾ, ನಂಗ ಆರಾಮ ಇಲ್ಲದಾಗ ಊಟದಾಗ ಏನೋ ಹಾಕ್ಯಾರ ಅಂತಿದ್ದೆ. ಅದು ರೋಗ ಅಂದ್ರಿ ನೀವು. ಈಗ ಯಾವುದು ರೋಗ, ಯಾವುದು ಖರೇ, ನೀನ ಹೇಳು.’

ದೊಡ್ಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆ ಮನೆಗೆ ಹೋದಳು. ಅವತ್ತಿನಿಂದ ಅಣ್ಣ ಮನೆಯಲ್ಲಿ ಮೊಸರು ಮುಟ್ಟುವುದಿಲ್ಲ. ಜೋಳದ ರೊಟ್ಟಿ, ಕೆಂಪು ಚಟ್ನಿ, ಮೊಸರು ಇಲ್ಲದೆ ಧಾರವಾಡದವನು ಊಟ ಮಾಡುವುದು ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಕಂಪನಿ ಕ್ಯಾಂಟೀನಿನಲ್ಲಿ ಮಾತ್ರ ಎರಡು ಬಟ್ಟಲು ಹಾಕಿಸಿಕೊಳ್ಳುತ್ತಾನಂತೆ.

ಸಂಶಯವೇ ಕಾಯಿಲೆಯ ಭಾಗ ಆಗಿರುವವನ ಮನೆಯಲ್ಲಿ ಆ ಸಂಶಯವನ್ನು ನಾವೇ ನಿಜ ಮಾಡಿಟ್ಟರೆ, ಮುಂದೆ ಯಾವ ಡಾಕ್ಟರು, ಯಾವ ಔಷಧಿ ಅವನನ್ನು ಒಪ್ಪಿಸಬೇಕು?

ಕಾನೂನು ಏನು ಹೇಳುತ್ತೆ

ನನಗೂ ಕಾನೂನಿಗೂ ದೂರ. ಆದರೆ ಹೈಕೋರ್ಟಿನ ಎದುರಿಗೆ ದಿನಾ ಓಡಾಡಿ ಓಡಾಡಿ, ಊಟದ ಹೊತ್ತಿನಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯನ್ನು ಫೋನಿನಲ್ಲೇ ಓದಿದೆ. 2018ರಲ್ಲಿ ಜಾರಿಗೆ ಬಂದದ್ದು. 1912ರ ಕಾಯ್ದೆಯ ಹೆಸರಿನಲ್ಲೇ ‘ಹುಚ್ಚು’ ಇತ್ತು. 1987ರದ್ದು ಹೆಸರು ಬದಲಿಸಿತು, ಆದರೂ ಅದರ ಬಹುಪಾಲು ಆಸ್ಪತ್ರೆಗೆ ಸೇರಿಸುವುದು, ಬಿಡುವುದರ ಬಗ್ಗೆ. ತಮಿಳುನಾಡಿನ ಎರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿ ಹಾಕಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ವಿಕಲಚೇತನರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ ಒಪ್ಪಂದವನ್ನು ಭಾರತ 2007ರಲ್ಲಿ ಒಪ್ಪಿಕೊಂಡಿತು. ಅದಾದ ಹತ್ತು ವರ್ಷಕ್ಕೆ ಬಂದ ಈ ಹೊಸ ಕಾಯ್ದೆ ಸರಪಳಿಯನ್ನು ಪೂರ್ತಿ ನಿಷೇಧಿಸಿತು, ಅರಿವಳಿಕೆ ಕೊಡದೆ ಕರೆಂಟ್ ಚಿಕಿತ್ಸೆ ಕೊಡುವುದನ್ನೂ ನಿಷೇಧಿಸಿತು. ಜೊತೆಗೆ ರೋಗಿಗೆ ಮಾತು ಕೊಟ್ಟಿತು.

ಅದರ ನಾಲ್ಕನೇ ಸೆಕ್ಷನ್ ನನಗೆ ತುಂಬ ಹಿಡಿಸಿತು. ಚಿಕಿತ್ಸೆ ಬಗ್ಗೆ ಹೇಳಿದ್ದು ಅರ್ಥವಾಗಬೇಕು, ಹೂಂ ಅಂದರೆ ಏನಾಗುತ್ತೆ, ಊಹೂಂ ಅಂದರೆ ಏನಾಗುತ್ತೆ ಅಂತ ತಿಳಿಯಬೇಕು, ತನ್ನ ನಿರ್ಧಾರವನ್ನು ಮಾತಿನಲ್ಲೋ ಸನ್ನೆಯಲ್ಲೋ ತಿಳಿಸಲು ಬರಬೇಕು. ಇಂಥವನಿಗೆ ನಿರ್ಧಾರದ ಸಾಮರ್ಥ್ಯ ಇದೆ ಅಂತ ಲೆಕ್ಕ. ಅವನ ನಿರ್ಧಾರ ನಮಗೆ ತಪ್ಪು ಅನ್ನಿಸಿತು ಅನ್ನುವುದೊಂದೇ ಕಾರಣಕ್ಕೆ ಅವನಿಗೆ ಸಾಮರ್ಥ್ಯ ಇಲ್ಲ ಅನ್ನುವ ಹಾಗಿಲ್ಲ. ಯೋಚನೆ ಮಾಡಿ, ಈ ಅಳತೆಗೋಲನ್ನು ನಮ್ಮ ಮನೆಗಳಲ್ಲಿ ಮದುವೆ, ಕೆಲಸ, ಸೈಟು ವಿಷಯಕ್ಕೂ ಇಟ್ಟರೆ ಎಷ್ಟು ಜಗಳ ತಪ್ಪುತ್ತಿತ್ತು!

ಹಾಗಂತ ಅಡ್ಮಿಷನ್ನೇ ಸಾಧ್ಯವಿಲ್ಲ ಅಂತಲ್ಲ. ತನಗೇ ಅಥವಾ ಬೇರೆಯವರಿಗೆ ಅಪಾಯ ಮಾಡುವ ಹಂತ, ತನ್ನನ್ನು ತಾನು ನೋಡಿಕೊಳ್ಳಲಾಗದ ಹಂತ ಬಂದರೆ, ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ತಜ್ಞರು ಅಥವಾ ವೈದ್ಯರು ಬೇರೆ ಬೇರೆಯಾಗಿ ಪರೀಕ್ಷಿಸಿ ಒಪ್ಪಿದರೆ, ಪ್ರತಿನಿಧಿಯ ಅರ್ಜಿಯ ಮೇಲೆ 30 ದಿನದವರೆಗೆ ಸೇರಿಸಿಕೊಳ್ಳಬಹುದು. ಆಗ ಪ್ರತಿನಿಧಿಯೇ ಒಪ್ಪಿಗೆ ಕೊಡಬೇಕಾಗಿ ಬಂದರೂ ಅದು ತಾತ್ಕಾಲಿಕ. ಪ್ರತಿ ಏಳು ದಿನಕ್ಕೆ ರೋಗಿಯ ಸಾಮರ್ಥ್ಯವನ್ನು ಮತ್ತೆ ನೋಡಬೇಕು. ಅಂದರೆ ಮಾತಿನ ಹಕ್ಕು ಹೋದರೆ ಹೋಯಿತು ಅಂತಿಲ್ಲ, ಜ್ವರ ಇಳಿದ ಹಾಗೆ ಅದು ವಾಪಸ್ ಬರುತ್ತೆ, ಬಂದಿದೆಯೋ ಅಂತ ವಾರಕ್ಕೊಮ್ಮೆ ನೋಡಲೇಬೇಕು. ಬೇಡ ಅನ್ನಿಸಿದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ದೂರಬಹುದು. ಆ ಮಂಡಳಿಯ ರಚನೆಯಲ್ಲೇ ಇಬ್ಬರ ಜಾಗ ಕಾಯಿಲೆ ಅನುಭವಿಸಿದವರು, ಆರೈಕೆ ಮಾಡುವವರು ಅಥವಾ ಅವರ ಪರ ಕೆಲಸ ಮಾಡುವ ಸಂಸ್ಥೆಯವರಿಗೆ.

ಈ ಕಾಯ್ದೆಯ ಮೇಲೆ ಸಿಟ್ಟಿರುವವರೂ ಇದ್ದಾರೆ. ಮಸೂದೆ ಇದ್ದಾಗಲೇ ಕುಟುಂಬಗಳ ಸಂಘಟನೆಗಳು, ಮನೋವೈದ್ಯರಲ್ಲಿ ಹಲವರು ತಕರಾರು ಎತ್ತಿದ್ದರು. ಹಕ್ಕೆಲ್ಲ ರೋಗಿಗೆ, ಕಷ್ಟವೆಲ್ಲ ಮನೆಯವರಿಗೆ ಅಂತ. ಸುಳ್ಳಲ್ಲ. ಅಮೆರಿಕ, ಯುರೋಪಿನಲ್ಲಿ ಇಂಥ ಕಾನೂನುಗಳ ಬೆನ್ನಿಗೆ ಸೋಷಿಯಲ್ ವರ್ಕರ್, ವಸತಿ, ಭತ್ಯೆ ಅಂತ ಏನೋ ಒಂದಿಷ್ಟು ಇರುತ್ತೆ. ಇಲ್ಲಿ ಎಲ್ಲಕ್ಕೂ ದೊಡ್ಡವ್ವ ಒಬ್ಬಳೇ. ಅವಳ ಮಂಡಿ ನೋವು, ಅವಳ ಬಿಪಿ ಯಾವ ಸೆಕ್ಷನ್‌ನಲ್ಲೂ ಬರುವುದಿಲ್ಲ. ರೋಗಿಯ ಮಾತು ಕೇಳಿ ಅಂತ ಹೇಳುವವರು ಆ ಮಾತು ಕೇಳಲು ಮನೆಯಲ್ಲಿ ಯಾರಿಗೆ ಪುರಸೊತ್ತಿದೆ ಅಂತಲೂ ಕೇಳಬೇಕು.

ಆರಾಮ ಇದ್ದಾಗ ಬರೆದಿಡುವುದು

ಇದೇ ಕಾಯ್ದೆಯಲ್ಲಿ ಎರಡು ಕಾಗದಗಳ ಮಾತು ಬರುತ್ತೆ. ನಾನು ಇಷ್ಟೆಲ್ಲ ಬರೆದದ್ದು ಈ ಎರಡು ಕಾಗದಕ್ಕಾಗಿ.

ಒಂದು, ಮುಂಗಡ ನಿರ್ದೇಶನ. ಹದಿನೆಂಟು ದಾಟಿದ ಯಾರಾದರೂ, ಕಾಯಿಲೆ ಬಂದಿರಲಿ ಬಿಡಲಿ, ತಾನು ಆರಾಮ ಇದ್ದಾಗ ಬರೆದಿಡಬಹುದು: ಮುಂದೆ ನನಗೆ ತಿಳಿವು ತಪ್ಪಿದರೆ ಹೀಗೆ ಚಿಕಿತ್ಸೆ ಕೊಡಿ, ಹೀಗೆ ಕೊಡಬೇಡಿ. ಸಹಿ ಬೇಕು, ಸಾಕ್ಷಿಗಳು ಬೇಕು, ಪರಿಶೀಲನಾ ಮಂಡಳಿಯಲ್ಲಿ ನೋಂದಾಯಿಸಬೇಕು. ಡಾಕ್ಟರಿಗೋ ಮನೆಯವರಿಗೋ ಅದು ಒಪ್ಪಿಗೆಯಾಗದಿದ್ದರೆ ಮಂಡಳಿಗೇ ಹೋಗಬೇಕು, ತಾವೇ ಬದಿಗಿಡುವ ಹಾಗಿಲ್ಲ. ಜೀವಕ್ಕೆ ಅಪಾಯದಂಥ ತುರ್ತಿನಲ್ಲಿ, 72 ಗಂಟೆಯೊಳಗಿನ ಚಿಕಿತ್ಸೆಗೆ ಮಾತ್ರ ಇದು ಅನ್ವಯಿಸುವುದಿಲ್ಲ.

ಇನ್ನೊಂದು, ನಾಮನಿರ್ದೇಶಿತ ಪ್ರತಿನಿಧಿ. ನನ್ನ ಪರ ಮಾತಾಡುವವರು ಇವರು ಅಂತ ಸಾದಾ ಹಾಳೆಯ ಮೇಲೆ ಬರೆದು ಸಹಿ ಮಾಡಿದರೆ ಸಾಕು. ಅವರೂ ಒಪ್ಪಿ ಬರೆದುಕೊಡಬೇಕು. ರಕ್ತ ಸಂಬಂಧಿಯೇ ಆಗಬೇಕೆಂದಿಲ್ಲ. ಯಾವಾಗ ಬೇಕಾದರೂ ಬದಲಾಯಿಸಬಹುದು.

ದೀಪಾವಳಿ ರಜೆಯಲ್ಲಿ, ಅಣ್ಣ ಚೆನ್ನಾಗಿದ್ದ ಹೊತ್ತಿನಲ್ಲಿ, ನಾವು ಮೂವರೂ ಪಡಸಾಲೆಯಲ್ಲಿ ಕೂತೆವು. ಅಣ್ಣ ಹೇಳುತ್ತಾ ಹೋದ, ನಾನು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದೆ. ಯಾವ ಗುಳಿಗೆಯಿಂದ ಏನು ತೊಂದರೆ ಆಯಿತು. ಯಾವುದು ತನಗೆ ಹೊಂದಿತು. ಕಾಯಿಲೆ ಮರಳುವ ಮುಂಚಿನ ಸೂಚನೆಗಳು: ಎರಡು ರಾತ್ರಿ ನಾಲ್ಕು ಗಂಟೆಗಿಂತ ಕಡಿಮೆ ನಿದ್ದೆ, ಆನ್‌ಲೈನಿನಲ್ಲಿ ಬೇಡದ ಸಾಮಾನು, ತಡರಾತ್ರಿ ಗೆಳೆಯರಿಗೆ ಉದ್ದುದ್ದ ವಾಯ್ಸ್ ಮೆಸೇಜು. ‘ಇಷ್ಟು ಕಂಡ್ರ ನನ್ನ ಕೇಳಬ್ಯಾಡ್ರಿ, ಡಾಕ್ಟರ್ ಕಡೆ ಕರಕೊಂಡು ನಡೀರಿ. ಆವಾಗ ನಾ ಬ್ಯಾಡ ಅಂತೀನಿ. ಅಂದ್ರೂ ನಡೀರಿ. ಆದ್ರ ಊಟದಾಗ ಏನೂ ಹಾಕಬ್ಯಾಡ್ರಿ. ಇಂಜೆಕ್ಷನ್ ಆದ್ರೂ ಮುಖದ ಮುಂದ ಕೊಡ್ರಿ.’

ಇದನ್ನು ಟೈಪ್ ಮಾಡುತ್ತಿದ್ದಾಗ ನನಗೆ ಹೊಳೆದದ್ದು: ಇಲ್ಲಿ ಇಬ್ಬರು ಅಣ್ಣಂದಿರಿದ್ದಾರೆ. ನವೆಂಬರಿನ ಅಣ್ಣ ಮುಂದೆಂದೋ ಬರಬಹುದಾದ ಅಣ್ಣನ ‘ಬೇಡ’ವನ್ನು ಮೊದಲೇ ತಳ್ಳಿಹಾಕುತ್ತಿದ್ದಾನೆ. ಅವನಿಗೆ ಆ ಅಧಿಕಾರ ಇದೆಯೇ? ಇದೆ ಅಂತ ನನ್ನ ಎಣಿಕೆ. ಮೊಸರಿನಲ್ಲಿ ಕಲಸುವವರಿಗಿಂತ, ಎದುರಿಗೆ ಕೂತವನನ್ನು ‘ಅವನು’ ಅನ್ನುವವರಿಗಿಂತ, ಆ ರಾತ್ರಿಯ ಅಣ್ಣನ ಪರ ಮಾತಾಡುವ ಹಕ್ಕು ಈ ಅಣ್ಣನಿಗೆ ಹೆಚ್ಚು.

ಆಮೇಲೆ ಪ್ರತಿನಿಧಿಯ ಹೆಸರು ಬಂತು. ಅಣ್ಣ ತನ್ನ ಲೈನಿನ ಗೆಳೆಯನ ಹೆಸರು ಹೇಳಿದ. ಟೈಪ್ ಮಾಡುವ ಕೈ ನಿಂತಿತು. ದೊಡ್ಡವ್ವ ತುಂಬ ಹೊತ್ತು ಮಾತಾಡಲಿಲ್ಲ.

‘ನಾ ಹಡದಾಕಿ. ನನ್ನ ಬಿಟ್ಟು ಮಂದಿ ಹೆಸರು ಬರಸ್ತೀಯೇನು?’

‘ನಿನ್ನ ಮ್ಯಾಲೆ ಸಿಟ್ಟಿಲ್ಲವ್ವ. ನಿನಗ ಅಂಜಿಕಿ ಭಾಳ. ಅಂಜಿಕಿ ಬಂದ್ರ ನೀ ಏನ್ ಹೇಳಿದ್ರೂ ಹೂಂ ಅಂತಿ. ಅಂವಗ ನನ್ನ ಕೆಲಸ ಗೊತ್ತೈತಿ, ನನ್ನ ಕೈ ಗೊತ್ತೈತಿ. ಅಂವ ನಾಕು ಪ್ರಶ್ನಿ ಕೇಳ್ತಾನ.’

ದೊಡ್ಡವ್ವ ಅವತ್ತು ರಾತ್ರಿ ಊಟ ಮಾಡಲಿಲ್ಲ. ಕಾಯ್ದೆಯಲ್ಲಿ ಇದಕ್ಕೆ ಸೆಕ್ಷನ್ ಇಲ್ಲ. ಮೂರು ದಿನ ಆದಮೇಲೆ ಅವಳೇ ಫೋನ್ ಮಾಡಿ ಕೇಳಿದಳು, ಎರಡನೇ ಹೆಸರು ಬರೆಯಲು ಬರುತ್ತದೇನು ಅಂತ. ಬರುತ್ತೆ. ಮುಂಗಡ ನಿರ್ದೇಶನದಲ್ಲಿ ಮೊದಲು ಇವರು, ಇವರು ಸಿಗದಿದ್ದರೆ ಅವರು ಅಂತ ಕ್ರಮವಾಗಿ ಬರೆಯಬಹುದು. ಎರಡನೇ ಹೆಸರು ಅವಳದು.

ಇನ್ನು ಕಾರ್ಖಾನೆ. ನಿದ್ದೆ ಕೆಟ್ಟರೆ ಬೈಪೋಲಾರ್ ಕೆರಳುತ್ತೆ. ವಾರಕ್ಕೊಂದು ಶಿಫ್ಟ್ ತಿರುಗಿಸುವ ಕಡೆ ಯಾವ ಗುಳಿಗೆಯೂ ಪೂರ್ತಿ ಕೆಲಸ ಮಾಡದು. ಇದನ್ನು ಡಾಕ್ಟರಿಗೆ ಹೇಳಬಲ್ಲವನು ರೋಗಿ ಒಬ್ಬನೇ. ಈ ಸಲ ಅಣ್ಣ ಒಂದು ಚೀಟಿಯಲ್ಲಿ ಮೂರು ಸಾಲು ಬರೆದುಕೊಂಡು ಹೋಗಿದ್ದ: ಕೈ ನಡುಕ, ಮುಂಜಾನೆ ಆರು, ರಾತ್ರಿ ಪಾಳಿ. ಡಾಕ್ಟರು ಲಿಥಿಯಂ ಮಟ್ಟ ನೋಡಿ ಪ್ರಮಾಣ ಇಳಿಸಿದರು, ಓಲಾಂಜಪಿನ್ ಜಾಗಕ್ಕೆ ಅಷ್ಟು ಮಂಪರು ತರದ ಗುಳಿಗೆ ಬರೆದರು, ರಾತ್ರಿ ಪಾಳಿ ಬೇಡ ಅಂತ ಪತ್ರ ಕೊಟ್ಟರು. ಪತ್ರದಲ್ಲಿ ಕಾಯಿಲೆಯ ಹೆಸರು ಬೇಡ ಅಂತ ಅಣ್ಣ ಕೇಳಿಕೊಂಡ, ಅವರು ಬರೆಯಲಿಲ್ಲ. ಅಷ್ಟು ಗೋಪ್ಯತೆ ಅವನ ಹಕ್ಕು. ಎಚ್‌ಆರ್‌ನವರು ಹುಬ್ಬೇರಿಸಿದರೂ ಮೊದಲ ಮತ್ತು ಎರಡನೇ ಪಾಳಿಗೆ ಹಾಕಿದರು. ಅಂದ ಹಾಗೆ, ಇಎಸ್‌ಐ ಇರುವವರು ಗಮನಿಸಿ: ದೀರ್ಘ ಕಾಯಿಲೆಗಳಿಗೆ ಕೊಡುವ ವಿಸ್ತೃತ ಅನಾರೋಗ್ಯ ಭತ್ಯೆಯ 34 ಕಾಯಿಲೆಗಳ ಪಟ್ಟಿಯಲ್ಲಿ ತೀವ್ರ ಮಾನಸಿಕ ಕಾಯಿಲೆಗಳೂ ಇವೆ. ಅರ್ಹತೆಯ ಷರತ್ತುಗಳಿವೆ, ಆದರೆ ಕೂಲಿಯ 80% ಸಿಗುತ್ತೆ. ನಮ್ಮ ಲೈನುಗಳಲ್ಲಿ ಇದು ಗೊತ್ತಿರುವವರು ಕಡಿಮೆ. ಇನ್ನು ಯಾರ ಹತ್ತಿರ ಹೋಗಬೇಕು ಅಂತಲೇ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ. ರೋಗಿಯೂ ಮಾಡಬಹುದು, ಮನೆಯವರೂ ಮಾಡಬಹುದು.

ಕಾಗದದಲ್ಲಿ ಒಂದು ಸಾಲು ಇನ್ನೂ ಖಾಲಿ ಇದೆ. ಕರೆಂಟ್ ಚಿಕಿತ್ಸೆ ಬೇಕೋ ಬೇಡವೋ ಅನ್ನುವುದು. ನಾನು ಸಿನಿಮಾ ನೋಡಿ ಬೆಳೆದವನು, ಬೇಡ ಅಂತ ಹಾಕು ಅಂದೆ. ಅಣ್ಣ ತಲೆಯಾಡಿಸಿದ. ವಾರ್ಡಿನಲ್ಲಿ ಪಕ್ಕದ ಹಾಸಿಗೆಯ ಹುಡುಗ ಊಟ ನೀರು ಬಿಟ್ಟು ಕಲ್ಲಿನ ಹಾಗೆ ಕೂತಿದ್ದವನು ಅದರಿಂದಲೇ ಎದ್ದು ಮಾತಾಡಿದ್ದನ್ನು ಅವನು ಕಣ್ಣಾರೆ ನೋಡಿದ್ದಾನೆ. ಅದೇ ಹುಡುಗ ಆಮೇಲೆ ಕೆಲವು ದಿನಗಳ ನೆನಪು ಕಳೆದುಕೊಂಡು ಹುಡುಕಾಡಿದ್ದನ್ನೂ ನೋಡಿದ್ದಾನೆ. ‘ಗೊತ್ತಿಲ್ಲದ್ದಕ್ಕ ಸಹಿ ಮಾಡಂಗಿಲ್ಲ’ ಅಂದ. ಮುಂದಿನ ತಿಂಗಳು ಡಾಕ್ಟರ ಹತ್ತಿರ ಹೋದಾಗ ಕೇಳಬೇಕಾದ ಪ್ರಶ್ನೆಗಳನ್ನು ಫೋನಿನ ನೋಟ್ಸ್‌ನಲ್ಲಿ ಬರೆದಿಟ್ಟುಕೊಂಡಿದ್ದಾನೆ. ಸದ್ಯಕ್ಕೆ ಏಳು ಆಗಿವೆ.